ಡೇಟನ್ (ಟೆನೆಸೀ)

ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸೀ ರಾಜ್ಯದ ಒಂದು ಪಟ್ಟಣ. ರೇ ಕೌಂಟಿಯ ಆಡಳಿತ ಕೇಂದ್ರ. ಚಾಟನೂಗ ನಗರದ ಈಶಾನ್ಯಕ್ಕೆ, ಟೆನೆಸೀ ನದಿಯ ಕಣಿವೆಯಲ್ಲಿದೆ. ಜನಸಂಖ್ಯೆ ಸುಮಾರು 7,000 (2020).

ಸ್ಮಿತ್ಸ್ ಕ್ರಾಸ್‌ರೋಡ್ಸ್ ಎಂಬ ಕುಗ್ರಾಮವಾಗಿದ್ದ ಇದಕ್ಕೆ 1870ರ ದಶಕದಲ್ಲಿ ಈಗಿನ ಹೆಸರು ಬಂತು. 1880ರಲ್ಲಿ ರೈಲುಮಾರ್ಗ ಬಂದದ್ದೇ ತಡ, ಊರಿನ ದೆಸೆ ತಿರುಗಿತು. ಬ್ರಿಟಿಷ್ ಬಂಡವಾಳದ ಕಂಪನಿಯೊಂದು ಕಲ್ಲಿದ್ದಲ ಗಣಿ ತೋಡಿ, ಕಬ್ಬಿಣ ಕರಗಿಸುವ ಕುಲುಮೆಗಳನ್ನು ಹೂಡಿತು. 1890ರಲ್ಲಿ ಕೌಂಟಿ ಕೇಂದ್ರವೂ ವಾಷಿಂಗ್ಟನ್ ಎಂಬ ಹಳೆಯ ಹಳ್ಳಿಯಿಂದ ಇಲ್ಲಿಗೆ ಬಂತು. ಮರುವರ್ಷವೇ ಇಟ್ಟಿಗೆಯ ನ್ಯಾಯಾಲಯ ಎದ್ದು ನಿಂತಿತು. ಆದರೆ ಗಣಿಗಳ ಭಾಗ್ಯ ಬಹುಕಾಲ ಬಾಳಲಿಲ್ಲ. 1925ರ ವೇಳೆಗೆ ಕಂಪನಿ ಮುಳುಗಿ, ಜನಸಂಖ್ಯೆ 1,800ರ ಆಸುಪಾಸಿಗೆ ಇಳಿದಿತ್ತು.

ಡೇಟನ್ನನ್ನು ಜಗತ್ತಿಗೆ ಪರಿಚಯಿಸಿದ ಮೊಕದ್ದಮೆ ಹುಟ್ಟಿದ್ದು ಈ ಬಡತನದಲ್ಲೇ. ಬೈಬಲ್ಲಿನ ಸೃಷ್ಟಿಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸುವುದನ್ನು 1925ರ ಬಟ್ಲರ್ ಕಾಯ್ದೆ ನಿಷೇಧಿಸಿತ್ತು. ಅದನ್ನು ಪ್ರಶ್ನಿಸುವ ಶಿಕ್ಷಕರಿಗೆ ನೆರವಾಗುವುದಾಗಿ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘ ಪತ್ರಿಕೆಯಲ್ಲಿ ಪ್ರಕಟಿಸಿತು. ಗಣಿ ವ್ಯವಸ್ಥಾಪಕ ಜಾರ್ಜ್ ರಾಪಲ್ಯೆ ಇದರಲ್ಲಿ ಊರಿನ ಪ್ರಚಾರಕ್ಕೊಂದು ದಾರಿ ಕಂಡ. ರಾಬಿನ್ಸನ್ ಎಂಬವರ ಔಷಧದಂಗಡಿಯಲ್ಲಿ ಹಿರಿಯರು ಸೇರಿ, 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್‌ನನ್ನು ಕರೆಸಿ, ಆರೋಪಿಯಾಗಲು ಒಪ್ಪಿಸಿದರು. ವಿಕಾಸವಾದವನ್ನು ಒಳಗೊಂಡಿದ್ದ, ಸರ್ಕಾರವೇ ಗೊತ್ತುಮಾಡಿದ್ದ ಪಠ್ಯಪುಸ್ತಕ ಅದೇ ಅಂಗಡಿಯಲ್ಲಿ ಬಿಕರಿಯಾಗುತ್ತಿತ್ತು. ಅಂಗಡಿಯ ಮಾಲೀಕರೇ ಶಾಲಾ ಮಂಡಳಿಯ ಅಧ್ಯಕ್ಷರು!

ವಿಚಾರಣೆ ಜುಲೈ 10ರಿಂದ 21ರವರೆಗೆ ನಡೆಯಿತು. ಸರ್ಕಾರದ ಪರ ವಾದಿಸಿದವರು ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ವಿಲಿಯಂ ಜೆನಿಂಗ್ಸ್ ಬ್ರಯನ್, ಸ್ಕೋಪ್ಸ್ ಪರವಾಗಿ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ. ಷಿಕಾಗೋದ ಡಬ್ಲ್ಯುಜಿಎನ್ ಕೇಂದ್ರ ಇದನ್ನು ರೇಡಿಯೋದಲ್ಲಿ ನೇರವಾಗಿ ಬಿತ್ತರಿಸಿತು. ಜನರ ಭಾರಕ್ಕೆ ನ್ಯಾಯಾಲಯದ ನೆಲ ಕುಸಿದೀತೆಂಬ ಭಯದಿಂದ ಕಲಾಪವನ್ನು ಅಂಗಳಕ್ಕೆ ಸಾಗಿಸಲಾಯಿತು. ಅಲ್ಲಿ ಡ್ಯಾರೋ ಎದುರಾಳಿ ಬ್ರಯನ್ನರನ್ನೇ ಸಾಕ್ಷಿಯಾಗಿ ಕರೆದು ಬೈಬಲ್ ಕುರಿತು ಪಾಟೀಸವಾಲು ಹಾಕಿದ. ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು. ಐದು ದಿನಗಳ ಬಳಿಕ ಬ್ರಯನ್ ಡೇಟನ್ನಿನಲ್ಲೇ ತೀರಿಕೊಂಡರು. 50 ಡಾಲರ್ ಮೀರಿದ ದಂಡವನ್ನು ಜ್ಯೂರಿಯೇ ವಿಧಿಸಬೇಕಿತ್ತು, ನ್ಯಾಯಾಧೀಶರಲ್ಲ ಎಂಬ ಕಾರಣಕ್ಕೆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ತೀರ್ಪನ್ನು ರದ್ದುಮಾಡಿತು. ಕಾಯ್ದೆ ಮಾತ್ರ 1967ರವರೆಗೂ ಉಳಿಯಿತು.

ಮೊಕದ್ದಮೆ ತಂದದ್ದು ಹೆಸರನ್ನಷ್ಟೇ, ಹಣವನ್ನಲ್ಲ. ಬ್ರಯನ್ ನೆನಪಿನ ಕಾಲೇಜು 1930ರಲ್ಲಿ ಆರಂಭವಾಯಿತು. ಮುಂದೆ ಊರಿಗೆ ಕೆಲಸ ಕೊಟ್ಟವು ಕಾರ್ಖಾನೆಗಳು. ಲೇಜಿ-ಬಾಯ್ ಕಂಪನಿಯ ಆರಾಮಕುರ್ಚಿ ಘಟಕ ಅವುಗಳಲ್ಲಿ ದೊಡ್ಡದು. ನ್ಯಾಯಾಲಯ ಈಗ ರಾಷ್ಟ್ರೀಯ ಐತಿಹಾಸಿಕ ಸ್ಮಾರಕ. ಅದರ ಅಂಗಳದಲ್ಲಿ 2005ರಲ್ಲಿ ಬ್ರಯನ್ನರ, 2017ರಲ್ಲಿ ಡ್ಯಾರೋನ ಪ್ರತಿಮೆಗಳನ್ನು ನಿಲ್ಲಿಸಲಾಗಿದೆ.