ಕನಸಲ್ಲಿ ಹೊತ್ತ ಭಾರ (ಭಾಗ 3)

ಫೋಟೋದಲ್ಲಿರೋದು ಅನಮೋಡ ಘಾಟ್. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಎಷ್ಟೋ ಜನ ಡಿಸೆಂಬರ್ 3ರ ಫೆಸ್ತಿಗೆ ಹಳೇ ಗೋವಾಕ್ಕೆ ಹೋಗೋದು ಇದೇ ದಾರೀಲಿ. ಅಲ್ಲಿ ಬೆಳ್ಳಿ ಪೆಟ್ಟಿಗೆಯಲ್ಲಿ ಮಲಗಿರೋರು ಸಂತ ಫ್ರಾನ್ಸಿಸ್ ಕ್ಸೇವಿಯರ್. ನಮ್ಮ ಅಜ್ಜಿ ಬಾಯಲ್ಲಿ 'ಗೊಂಯ್ಚೊ ಸಾಯ್ಬ್'. ಭಾರತಕ್ಕೆ ಬರೋದಕ್ಕೂ ಮುಂಚೆ ಅವರಿಗೆ ಭಾರತದ ಕನಸು ಬಿದ್ದಿತ್ತು, ಗೊತ್ತಾ?

1537ರ ಸುಮಾರು. ಆಗ ಅವರಿದ್ದದ್ದು ಇಟಲಿಯಲ್ಲಿ. ಒಂದೇ ಕೋಣೆಯಲ್ಲಿ ಮಲಗ್ತಿದ್ದ ಗೆಳೆಯ ಲೈನೆಸ್ ಮುಂದೆ ಹೇಳಿದ ಪ್ರಕಾರ, ಕ್ಸೇವಿಯರ್ ನಿದ್ದೆಯಿಂದ ಸುಸ್ತಾಗಿ ಏಳ್ತಿದ್ರಂತೆ. ಕನಸಲ್ಲಿ ಇಂಡಿಯಾದ ಒಬ್ಬ ಮನುಷ್ಯನನ್ನ ಹೆಗಲ ಮೇಲೆ ಹೊತ್ತಿದ್ದೆ, ಎತ್ತೋಕೇ ಆಗದಷ್ಟು ಭಾರ ಅಂತಿದ್ರಂತೆ.

ಈಗಿನ ಕಾಲದಲ್ಲಾಗಿದ್ರೆ ಬೆಳಿಗ್ಗೆನೇ ಸ್ಟೇಟಸ್ ಹಾಕಿ ಬ್ಯಾಗ್ ಕಟ್ತಿದ್ವಿ. ಅವರು ಕಟ್ಟಲಿಲ್ಲ.

1540ರ ಮಾರ್ಚ್‌ನಲ್ಲಿ ಇಂಡಿಯಾಕ್ಕೆ ಹೋಗೋಕೆ ಆಯ್ಕೆಯಾಗಿದ್ದೋರು ಬೊಬಾಡಿಲ್ಲ ಅನ್ನೋ ಇನ್ನೊಬ್ಬರು. ಅವರು ಕಾಯಿಲೆ ಬಿದ್ರು. ಬದಲಿಗೆ ಯಾರು ಅನ್ನೋ ಪ್ರಶ್ನೆ ಬಂತು. ಹಿರಿಯರಾದ ಇಗ್ನೇಷಿಯಸ್ ಲೊಯೋಲ ಕ್ಸೇವಿಯರ್‌ರನ್ನ ಕರೆದು ಕೇಳಿದ್ರು. ಅವರು ತಕ್ಷಣ ಒಪ್ಪಿದ್ರು. 1541ರ ಏಪ್ರಿಲ್ 7ಕ್ಕೆ ಲಿಸ್ಬನ್ ಬಿಟ್ರು, 1542ರ ಮೇ 6ಕ್ಕೆ ಗೋವಾ ಮುಟ್ಟಿದ್ರು.

ಗಮನಿಸಿ: ಕನಸು ಮೊದಲೇ ಬಿದ್ದಿತ್ತು. ಆದ್ರೆ ಅವರನ್ನ ಹಡಗು ಹತ್ತಿಸಿದ್ದು ಕನಸಲ್ಲ. ಒಬ್ಬರ ಕಾಯಿಲೆ, ಎದುರಿಗಿದ್ದ ಅಗತ್ಯ, ಹಿರಿಯರ ಮಾತು.

'ಮತ್ತೆ ಬೈಬಲ್‌ನಲ್ಲಿ ಜೋಸೆಫ್ ಕನಸು ನಂಬಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟನಲ್ಲ?' ಅಂತ ಕೇಳ್ತೀರಿ. ಸರಿ. ಆದ್ರೆ ಆ ಕನಸು ಅವನಿಗೆ ಏನು ಕೊಡ್ತು ನೋಡಿ. ಸುಖ ಅಲ್ಲ, ಜವಾಬ್ದಾರಿ. ಹೆರೋದನಿಂದ ಮಗುವನ್ನ ಉಳಿಸೋ ಕೆಲಸ. ಅದೇ ಬೈಬಲ್‌ನಲ್ಲಿ ಯೆರೆಮೀಯ ಪ್ರವಾದಿ, ಸ್ವಂತ ಕನಸನ್ನೇ ದೇವರ ಮಾತು ಅಂತ ಸಾರೋರ ಮೇಲೆ ಕೆಂಡ ಕಾರ್ತಾನೆ. ಅಂದ್ರೆ ಅಲ್ಲಿ ಎರಡೂ ಇದೆ, ಕೇಳಿಸಿಕೋ ಅನ್ನೋದೂ, ಹುಷಾರು ಅನ್ನೋದೂ.

ಈಗ ನನ್ನ ಕಥೆ. ಕಳೆದ ಸೆಮ್‌ನಲ್ಲಿ ಕಾಸ್ಟಿಂಗ್ ಪರೀಕ್ಷೆಗೆ ನಾಲ್ಕು ದಿನ ಇರೋವಾಗ ಕನಸು ಬಿತ್ತು. ಬಿಳಿ ಬಟ್ಟೆಯವರೊಬ್ರು ಬಾಗಿಲಲ್ಲಿ ನಿಂತು 'ಇದೆಲ್ಲ ಬಿಟ್ಟು ಬಾ' ಅಂದ್ರು. ಎದ್ದಾಗ ಎಂಥಾ ಸಮಾಧಾನ! ದೇವರು ಕರೀತಿದ್ದಾರೆ, ಬಿಕಾಂ ಬಿಡಬೇಕು ಅಂತ ನಿರ್ಧರಿಸೇಬಿಟ್ಟೆ. ಪರಿಚಯದವರೊಬ್ರು 'ಇದು ದರ್ಶನಾನೇ' ಅಂದ್ರು. ಅಪ್ಪ ಆ ದಿನ ಊಟ ಮಾಡಲಿಲ್ಲ. ಅಜ್ಜಿ ಮಾತ್ರ, 'ತಿಂಡಿ ತಿಂದಮೇಲೂ ಹಂಗೇ ಅನ್ನಿಸಿದ್ರೆ ಫಾದರ್ ಹತ್ರ ಹೋಗಿ ಹೇಳು ಮಗಾ' ಅಂದ್ರು.

ಹೋದೆ. ಫಾದರ್ ಕೇಳಿದ್ದು ಒಂದೇ ಪ್ರಶ್ನೆ: 'ಪರೀಕ್ಷೆ ಯಾವಾಗ?'

ಆಮೇಲೆ ಲೊಯೋಲರ ಕಥೆ ಹೇಳಿದ್ರು. ಮುಂಡಗೋಡದ ಲೊಯೋಲ ವಿಕಾಸ ಕೇಂದ್ರದ ಬೋರ್ಡ್ ನೋಡಿದೋರಿಗೆ ಈ ಹೆಸರು ಗೊತ್ತು. 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರೀತು. ಮಂಚದಲ್ಲಿ ಬಿದ್ದುಕೊಂಡು ಎರಡು ಥರ ಹಗಲುಗನಸು ಕಾಣ್ತಿದ್ರು. ಒಂದು, ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲೋದು. ಇನ್ನೊಂದು, ಸಂತರ ಹಾಗೆ ಬದುಕೋದು. ಕಾಣೋವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೇದು ಒಣಗಿದ ಬಾಯಿ, ಎರಡನೇದು ತಣ್ಣನೆ ಖುಷಿ. ಆ ವ್ಯತ್ಯಾಸ ಗುರುತಿಸಿದ್ದೇ ಅವರ ವಿವೇಚನೆಯ ಪಾಠದ ಶುರು.

ಆದ್ರೆ ನನಗೆ ತಟ್ಟಿದ್ದು ಬಾರ್ಸೆಲೋನಾ ಕಥೆ. ಮೂವತ್ತು ದಾಟಿದ ಮೇಲೆ ಅವರು ಲ್ಯಾಟಿನ್ ವ್ಯಾಕರಣ ಕಲಿಯೋಕೆ ಕೂತ್ರು. ಬಾಯಿಪಾಠ ಶುರು ಮಾಡಿದ್ರೆ ಸಾಕು, ದೇವರ ಬಗ್ಗೆ ಅದ್ಭುತ ಯೋಚನೆಗಳು ಬರೋವು. ಪ್ರಾರ್ಥನೆಗೆ ಕೂತಾಗ ಬರದ್ದು ವ್ಯಾಕರಣ ಓದೋವಾಗ ಯಾಕೆ ಬರುತ್ತೆ? ಇದು ಮೋಸ ಅಂತ ಅವರಿಗೇ ಹೊಳೀತು. ಮೇಷ್ಟ್ರು ಅರ್ದೆವೋಲ್ ಹತ್ರ ಹೋಗಿ, ಎರಡು ವರ್ಷ ಪಾಠ ತಪ್ಪಿಸಲ್ಲ ಅಂತ ಮಾತು ಕೊಟ್ರು. ಆ ಯೋಚನೆಗಳು ನಿಂತುಹೋದ್ವು.

ಕ್ಸೇವಿಯರ್ ಕನಸು ಹೆಗಲ ಮೇಲೆ ಭಾರ ಇಟ್ಟಿತ್ತು. ಜೋಸೆಫನದ್ದೂ ಅಷ್ಟೇ. ನನ್ನದು? ಇದ್ದ ಭಾರ ಇಳಿಸ್ತು. ಅದೂ ಕಾಸ್ಟಿಂಗ್‌ಗೆ ನಾಲ್ಕು ದಿನ ಮುಂಚೆ.

ಇನ್ನೊಂದು ಮಾತು ಮುಚ್ಚಿಡಬಾರದು. ಒಳ್ಳೆ ಕರೆ ಸಿಕ್ಕವರು ಮಾಡಿದ್ದೆಲ್ಲ ಸರಿ ಅಂತಲ್ಲ. 1546ರಲ್ಲಿ ಗೋವಾಕ್ಕೆ ಇನ್‌ಕ್ವಿಸಿಷನ್ ಬೇಕು ಅಂತ ಪೋರ್ಚುಗಲ್ ರಾಜನಿಗೆ ಪತ್ರ ಬರೆದೋರೂ ಇದೇ ಕ್ಸೇವಿಯರ್. ಅವರು ತೀರಿಕೊಂಡ ಮೇಲೆ, 1560ರಲ್ಲಿ ಅದು ಬಂತು. ಗೋವಾದಲ್ಲಿ ಧರ್ಮದ ಹೆಸರಲ್ಲಿ ನಡೆದ ಬಲವಂತಕ್ಕೆ ಹೆದರಿ ಎಷ್ಟೋ ಕುಟುಂಬಗಳು ನಮ್ಮ ಕೆನರಾ ಕಡೆ ಓಡಿಬಂದವು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ನಮ್ಮ ಕ್ಲಾಸ್‌ಮೇಟ್ಸ್. ಹಾಗಾಗಿ 'ದೇವರು ಹೇಳಿದ್ರು' ಅನ್ನೋ ಮಾತನ್ನ ಒಂದು ಸಲ ಪರೀಕ್ಷೆ ಮಾಡಿದ್ರೆ ಸಾಲದು, ಪ್ರತಿ ಹೆಜ್ಜೆಗೂ ಮಾಡಬೇಕು.

ಕಾಸ್ಟಿಂಗ್ ಬರೆದೆ. ಪಾಸೂ ಆದೆ, ಮಾರ್ಕ್ಸ್ ಕೇಳಬೇಡಿ. ಆ ಕರೆ ನಿಜವಾಗಿದ್ರೆ ಡಿಗ್ರಿ ಮುಗಿದ ಮೇಲೂ ಇದ್ದೇ ಇರುತ್ತೆ. ಬೊಬಾಡಿಲ್ಲಗೆ ಕಾಯಿಲೆ ಬರೋ ತನಕ ಕ್ಸೇವಿಯರ್ ಕಾದಿರಲಿಲ್ವಾ?

ನಿಮಗೆ ಬಿದ್ದ ಕನಸು ಭಾರ ಹೊರಿಸ್ತಾ, ಇಳಿಸ್ತಾ? ಕಾಮೆಂಟ್‌ನಲ್ಲಿ ಹೇಳಿ. ಭಾಗ 4ರಲ್ಲಿ ಜೋಸೆಫ್ ವಾಜ್: ಶ್ರೀಲಂಕಾಕ್ಕೆ ಹೋಗಬೇಕು ಅಂದೋರನ್ನ 1681ರಲ್ಲಿ ನಮ್ಮ ಕೆನರಾಕ್ಕೆ ಕಳಿಸಿದ ಕಥೆ.

#ಹಳಿಯಾಳ #ದಾಂಡೇಲಿ #ಜೋಯಿಡಾ #ಮುಂಡಗೋಡ #ನಮ್ಮಇತಿಹಾಸ