ಕಂಪೌಂಡರ್ ಕಿಟಕಿಯಿಂದ ರೋಗಿಯ ಹಾಸಿಗೆಯವರೆಗೆ

ನಮ್ಮ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಯಾರಾದರೂ ಹೊಸಬರು ಪರಿಚಯವಾದರೆ ನನ್ನ ಕೆಲಸದ ಮಾತು ಬಂದೇ ಬರುತ್ತದೆ. "ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್" ಎನ್ನುತ್ತೇನೆ. "ಓ, ಮೆಡಿಕಲ್ ಶಾಪಾ?" ಎನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆರು ವರ್ಷ ಫಾರ್ಮ್‌ಡಿ ಓದಿ ಅಣ್ಣಾ ನಗರಕ್ಕೆ ಬಂದು, ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲ ವರ್ಷದ ಫಾರ್ಮಸಿ ರೆಸಿಡೆಂಟ್ ಆಗಿ ಸೇರಿದಾಗ ನನ್ನ ಅಜ್ಜಿಯೂ ಫೋನಿನಲ್ಲಿ ಕೇಳಿದ್ದು ಹೀಗೆ: "ಅಂದ್ರೆ ಕಂಪೌಂಡರ್ ತಾನೇ ಮಗಾ?"

ಈ ಸಲದ ಇ-ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮಹಿಳಾ ವೇದಿಕೆಯವರು ಕೇಳಿದಾಗ, ಅಜ್ಜಿಯ ಆ ಪ್ರಶ್ನೆಗೇ ಉತ್ತರ ಬರೆಯೋಣ ಅನ್ನಿಸಿತು. ಆ ಉತ್ತರದ ಹಿಂದೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದರಲ್ಲಿ ಒಂದು ದೊಡ್ಡ ಪಾಲು ನಾವಿರುವ ಈ ಊರಿನದ್ದು, ಇನ್ನೊಂದು ಪಾಲು ನಮ್ಮ ಮೈಸೂರಿನದ್ದು.

ಬಾಟಲಿಯ ಕಾಲ

ನಮ್ಮಲ್ಲಿ ಐವತ್ತು ದಾಟಿದವರಿಗೆ ಕಂಪೌಂಡರ್ ಕಿಟಕಿ ನೆನಪಿರಲೇಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಮನೆಯಿಂದಲೇ ಬಾಟಲಿ ತೊಳೆದು ಒಯ್ಯಬೇಕಿತ್ತು. ಡಾಕ್ಟರ್ ಚೀಟಿ ಬರೆಯುತ್ತಿದ್ದರು, ಕಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ನೀರನ್ನೋ ಬಿಳಿ ನೀರನ್ನೋ ಸುರಿದುಕೊಡುತ್ತಿದ್ದರು. ಬಾಟಲಿಯ ಬದಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸಿ, "ಒಂದು ಗೆರೆಗೆ ಒಂದು ಹೊತ್ತು" ಎನ್ನುತ್ತಿದ್ದರು. ಓದು ಬಾರದವರಿಗೂ ಆ ಪಟ್ಟಿ ಅರ್ಥವಾಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪೌಂಡರ್ ಪರಂಪರೆಗೆ ಮದರಾಸಿನಲ್ಲಿ ಆಳವಾದ ಬೇರುಗಳಿವೆ. ಈಗ ಸೆಂಟ್ರಲ್ ಸ್ಟೇಷನ್ನಿನ ಎದುರಿಗಿರುವ ಜನರಲ್ ಆಸ್ಪತ್ರೆ 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗಾಗಿ ಹುಟ್ಟಿದ್ದು. ಅದರ ಮಗ್ಗುಲಲ್ಲೇ 1835ರಲ್ಲಿ ಒಂದು ವೈದ್ಯಕೀಯ ಶಾಲೆ ಶುರುವಾಯಿತು. ಸೈನ್ಯಕ್ಕೆ ಬೇಕಾದ ಅಪೋಥಿಕರಿಗಳನ್ನೂ ಡ್ರೆಸರುಗಳನ್ನೂ, ಅಂದರೆ ಔಷಧ ಕಲಸುವವರನ್ನೂ ಗಾಯಕ್ಕೆ ಪಟ್ಟಿ ಕಟ್ಟುವವರನ್ನೂ ತರಬೇತು ಮಾಡುವುದು ಅದರ ಮೂಲ ಉದ್ದೇಶ. 1850ರಲ್ಲಿ ಅದೇ ಶಾಲೆ ಮದರಾಸ್ ಮೆಡಿಕಲ್ ಕಾಲೇಜ್ ಆಯಿತು. ಹಾಗೆ ನೋಡಿದರೆ ಆ ಹೆಸರಾಂತ ಕಾಲೇಜಿನ ಮೊದಲ ಪಾಠಗಳಲ್ಲಿ ನಮ್ಮ ವೃತ್ತಿಗೂ ಪಾಲಿತ್ತು. 1875ರಲ್ಲಿ ಮೇರಿ ಷಾರ್ಲೀಬ್ ಮತ್ತು ಇನ್ನು ಮೂವರು ಹೆಂಗಸರು ಅದೇ ಕಾಲೇಜಿಗೆ ವೈದ್ಯಕೀಯ ಓದಲು ಸೇರಿದರು. ಗೋಷಾದಲ್ಲಿದ್ದ ಹೆಂಗಸರು ಗಂಡು ಡಾಕ್ಟರ ಎದುರು ಬಾರದೆ ಸಾಯುವುದನ್ನು ಕಂಡ ಷಾರ್ಲೀಬ್ ಮುಂದೆ ಅವರಿಗಾಗಿಯೇ ಆಸ್ಪತ್ರೆ ತೆರೆದರು. ಅದೇ ಇಂದಿನ ಟ್ರಿಪ್ಲಿಕೇನಿನ ಕಸ್ತೂರಬಾ ಗಾಂಧಿ ಆಸ್ಪತ್ರೆ.

ನಮ್ಮ ಪಕ್ಕದ ಕಿಲ್ಪಾಕಿಗೂ ಒಂದು ಕನ್ನಡದ ನಂಟಿದೆ. 1925ರಲ್ಲಿ ಅಲ್ಲಿ ಸರ್ಕಾರ ದೇಶೀಯ ವೈದ್ಯ ಶಾಲೆಯನ್ನು ತೆರೆದಾಗ ಅದರ ಮೊದಲ ಪ್ರಾಂಶುಪಾಲರಾದವರು ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ. ಹೆಸರಿನ ಆ "ಜಿ" ಎಂದರೆ ಹಾಸನ ಜಿಲ್ಲೆಯ ಗೊರೂರು.

ಕಾನೂನು ಬಂದದ್ದು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಔಷಧದ ಮಾರುಕಟ್ಟೆಗೆ ಹೇಳುವವರು ಕೇಳುವವರು ಇರಲಿಲ್ಲ. ನಕಲಿ ಕ್ವಿನೈನ್, ಸತ್ವ ಹೋದ ಟಿಂಕ್ಚರ್, ಯಾವುದನ್ನು ಬೇಕಾದರೂ ಯಾರು ಬೇಕಾದರೂ ಮಾರಬಹುದಿತ್ತು. ದೂರುಗಳು ಹೆಚ್ಚಾಗಿ 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಔಷಧಗಳ ಮೇಲೆ ನಿಯಂತ್ರಣ ಬೇಕು, ಔಷಧ ಕೊಡುವವರಿಗೆ ಸರಿಯಾದ ಶಿಕ್ಷಣವೂ ಬೇಕು ಎಂದು ಮರುವರ್ಷ ವರದಿ ಬಂತು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನು ಪದವಿ ಮಟ್ಟದಲ್ಲಿ ಕಲಿಸಲು ಆರಂಭಿಸಿದರು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಆ ಬಳಿಕ ಹೆಸರು ನೋಂದಾಯಿಸಿಕೊಂಡ ಫಾರ್ಮಸಿಸ್ಟ್ ಮಾತ್ರ ಡಾಕ್ಟರ ಚೀಟಿಗೆ ಔಷಧ ಕೊಡಬೇಕು ಎಂಬುದು ನೆಲದ ಕಾನೂನಾಯಿತು.

ಅಷ್ಟರಲ್ಲಿ ಮಾತ್ರೆಗಳು ಕಾರ್ಖಾನೆಗಳಿಂದಲೇ ಸಿದ್ಧವಾಗಿ ಬರತೊಡಗಿದ್ದವು. ಕಲಸುವ ಕೆಲಸ ಹೋಯಿತು, ಎಣಿಸಿ ಕೊಡುವ ಕೆಲಸ ಉಳಿಯಿತು. ಕಂಪೌಂಡರ್ ಹೋಗಿ ಫಾರ್ಮಸಿಸ್ಟ್ ಬಂದರೂ ಕಿಟಕಿ ಮಾತ್ರ ಹಾಗೇ ಇತ್ತು.

ಕಿಟಕಿ ದಾಟಿದ್ದು

ಕಿಟಕಿಯಿಂದ ಹೊರಗೆ ಬರುವ ಯೋಚನೆ ಅಮೆರಿಕದಲ್ಲಿ ಮೊದಲಾಯಿತು. 1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಾರ್ವಿ ವಿಟ್ನಿ ಎಂಬುವರು ಫಾರ್ಮಸಿ ಪದವೀಧರರಿಗೆ ಆಸ್ಪತ್ರೆಯೊಳಗೇ ತರಬೇತಿ ಕೊಡುವ ಪದ್ಧತಿ ತಂದರು. ಇಂದಿನ ರೆಸಿಡೆನ್ಸಿಯ ಬೀಜ ಅದು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಂಬತ್ತನೆಯ ಮಹಡಿಯಲ್ಲಿ ಫಾರ್ಮಸಿಸ್ಟುಗಳು ಹಗಲು ರಾತ್ರಿ ವಾರ್ಡಿನಲ್ಲೇ ಇದ್ದು, ವೈದ್ಯರು ಮತ್ತು ನರ್ಸುಗಳ ಜೊತೆ ಕೆಲಸ ಮಾಡುವ ಪ್ರಯೋಗ ನಡೆಯಿತು. ಕ್ಲಿನಿಕಲ್ ಫಾರ್ಮಸಿಯ ಚರಿತ್ರೆಯಲ್ಲಿ ಆ ಮಹಡಿಗೆ ದೊಡ್ಡ ಹೆಸರಿದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಗಟ್ಟಿ ಬುನಾದಿ ಬಿದ್ದ ಜಾಗಗಳಲ್ಲಿ ಮೈಸೂರು ಮತ್ತು ಊಟಿ ಮುಖ್ಯವಾದವು ಎಂದು ಹೇಳಲು ನನಗೆ ಹೆಮ್ಮೆ. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲಿ 1973ರಲ್ಲೂ ಊಟಿಯಲ್ಲಿ 1980ರಲ್ಲೂ ಫಾರ್ಮಸಿ ಕಾಲೇಜುಗಳನ್ನು ತೆರೆದಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಈ ಎರಡು ಕಾಲೇಜುಗಳು ಆಸ್ಟ್ರೇಲಿಯಾದ ಅಡಿಲೇಡಿನ ರಿಪಾಟ್ರಿಯೇಷನ್ ಜನರಲ್ ಆಸ್ಪತ್ರೆಯ ನೆರವಿನಿಂದ ಫಾರ್ಮಸಿ ಪ್ರಾಕ್ಟೀಸ್ ಎಂಬ ಎಂ.ಫಾರ್ಮ್ ಕೋರ್ಸನ್ನು ಆರಂಭಿಸಿದವು. ವಿದ್ಯಾರ್ಥಿಗಳು ಪ್ರಯೋಗಾಲಯ ಬಿಟ್ಟು ವಾರ್ಡಿಗೆ ನಡೆದರು, ಡಾಕ್ಟರ ಹಿಂದೆ ರೌಂಡ್ಸ್ ಹೋದರು. ಆ ಅನುಭವದಿಂದ ಮೈಸೂರಿನ ಜಿ. ಪಾರ್ಥಸಾರಥಿ, ಅಡಿಲೇಡಿನ ಕರೀನ್ ನೈಫೋರ್ಟ್ ಹ್ಯಾನ್ಸೆನ್ ಮತ್ತು ಅಮೆರಿಕದ ಮಿಲಾಪ್ ನಹಾತಾ ಸಂಪಾದಿಸಿದ ಪಠ್ಯಪುಸ್ತಕ 2004ರಲ್ಲಿ ಬಂತು. ನಾನು ಓದಿದ್ದೂ ಅದನ್ನೇ.

2008ರಲ್ಲಿ ಭಾರತೀಯ ಫಾರ್ಮಸಿ ಕೌನ್ಸಿಲ್ ಫಾರ್ಮ್‌ಡಿ ನಿಯಮಗಳನ್ನು ಹೊರಡಿಸಿತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ಆ ವರ್ಷದಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್, ಉಳಿದ ಆರು ತಿಂಗಳು ಬೇರೆ ಮೂರು ವಿಭಾಗಗಳಲ್ಲಿ ಎರಡೆರಡು ತಿಂಗಳು. ಕಲಿಸುವ ಆಸ್ಪತ್ರೆಗೆ ಕನಿಷ್ಠ 300 ಹಾಸಿಗೆ ಇರಬೇಕು. ಇದೆಲ್ಲ ಮುಗಿಸಿದ ಮೇಲೆ ಕೆಲವು ದೊಡ್ಡ ಆಸ್ಪತ್ರೆಗಳು ರೆಸಿಡೆಂಟ್ ಎಂಬ ಹೆಸರಿನಲ್ಲಿ ತರಬೇತಿಯ ಕೆಲಸ ಕೊಡುತ್ತವೆ. ನಾನು ಸೇರಿದ್ದು ಅಂಥ ಕೆಲಸಕ್ಕೆ.

ನನ್ನ ಮೊದಲ ವರ್ಷ

ಬೆಳಿಗ್ಗೆ ಏಳೂವರೆಗೆ ವಾರ್ಡಿನಲ್ಲಿರಬೇಕು. ಹೊಸದಾಗಿ ಸೇರಿದ ಪ್ರತಿ ರೋಗಿಯೂ ಮನೆಯಲ್ಲಿ ಯಾವ ಔಷಧ ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿ ಪಟ್ಟಿ ಮಾಡುವುದು ಮೊದಲ ಕೆಲಸ. ಆಮೇಲೆ ಚಾರ್ಟಿನಲ್ಲಿರುವ ಪ್ರತಿ ಔಷಧದ ಪ್ರಮಾಣ ನೋಡಬೇಕು, ಮೂತ್ರಪಿಂಡದ ವರದಿಗೆ ಅದು ಹೊಂದುತ್ತದೆಯೇ, ಒಂದು ಮಾತ್ರೆ ಇನ್ನೊಂದರ ಜೊತೆ ಜಗಳವಾಡುತ್ತದೆಯೇ ನೋಡಬೇಕು. ಏನಾದರೂ ಕಂಡರೆ ಡಾಕ್ಟರಿಗೆ ತಿಳಿಸಬೇಕು. ಕೆಲವು ಡಾಕ್ಟರರು ಕುಳ್ಳಿರಿಸಿಕೊಂಡು ಕೇಳುತ್ತಿದ್ದರು. ಕೆಲವರು ಫೈಲಿನಿಂದ ತಲೆ ಎತ್ತುತ್ತಿರಲಿಲ್ಲ. ತಮಿಳು ನನಗೆ ಆಗ ತಡವರಿಸುವಷ್ಟೇ ಬರುತ್ತಿತ್ತು. "ಸಾಪ್ಪಾಟುಕ್ಕು ಮುನ್ನಾಡಿ", "ಸಾಪ್ಪಾಟುಕ್ಕು ಅಪ್ಪುರಂ" ಎಂದು ಬಾಯಿಪಾಠ ಮಾಡಿಕೊಂಡಿದ್ದೆ.

ಸೇರಿದ ಐದನೆಯ ತಿಂಗಳು ಒಬ್ಬ ಅಮ್ಮ ಬಂದರು. ಈರೋಡ್ ಜಿಲ್ಲೆಯ ತಾಳವಾಡಿ ಕಡೆಯವರು. ಅಲ್ಲಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಕೋಯಂಬೇಡು ಮಾರುಕಟ್ಟೆಯಲ್ಲಿ ದುಡಿಯುವ ಮಗನ ಮನೆಗೆ ಬಂದಿದ್ದರು. ಬಾಯಿತುಂಬ ಹುಣ್ಣು, ಜ್ವರ, ಬಿಳಿ ರಕ್ತಕಣ ಇಳಿದಿತ್ತು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರು. ಹಳೆಯ ಚೀಟಿಯಲ್ಲಿ 7.5 ಮಿಲಿಗ್ರಾಂ, ವಾರಕ್ಕೊಮ್ಮೆ ಎಂದಿತ್ತು. ನಾನು ಚೀಟಿ ನೋಡಿದೆ, ಪ್ರಮಾಣ ಸರಿಯಿದೆ ಎಂದುಕೊಂಡೆ, ಪಟ್ಟಿಯಲ್ಲಿ ಸರಿ ಗುರುತು ಹಾಕಿದೆ. ಅಂದು ಹದಿನೆಂಟು ರೋಗಿಗಳಿದ್ದರು. ಅಮ್ಮ ಮಲಗಿದ್ದರು. ಎಬ್ಬಿಸಿ ಕೇಳಲಿಲ್ಲ.

ಮರುದಿನ ರಕ್ತಕಣ ಇನ್ನೂ ಇಳಿದಿತ್ತು. ನರ್ಸ್ ನನ್ನನ್ನು ಕರೆದದ್ದು ಔಷಧದ ವಿಷಯಕ್ಕಲ್ಲ. "ಇವರು ಗಂಜಿ ಕುಡೀತಿಲ್ಲ, ನಿಮ್ಮ ಭಾಷೆಯವರು, ಸ್ವಲ್ಪ ಹೇಳಿ" ಎಂದು. ಹೋಗಿ ಕೂತೆ. ಕನ್ನಡ ಕೇಳಿ ಅವರ ಮುಖ ಅರಳಿತು. ಊರು, ಮಗ, ಸೊಸೆ ಎಲ್ಲ ಮಾತಾಡಿದ ಮೇಲೆ ಕೇಳಿದೆ: "ಆ ಹಳದಿ ಮಾತ್ರೆ ಯಾವಾಗ ತಗೋತಿದ್ರಿ ಅಮ್ಮಾ?"

"ದಿನಾಲೂ ರಾತ್ರ ಉಂಡ್ಬುಟ್ಟು ಒಂದು ನುಂಗ್ತೀನಿ ಕಣವ್ವ. ತಪ್ಪಿಸಿಲ್ಲ."

ನನ್ನ ಕೈಕಾಲು ತಣ್ಣಗಾಯಿತು. ಮಗನಿಗೆ ಫೋನ್ ಮಾಡಿ ಮನೆಯಲ್ಲಿದ್ದ ಔಷಧದ ಚೀಲ ತರಿಸಿದೆ. ಹನ್ನೆರಡು ದಿನದ ಹಿಂದೆ ಕೊಂಡದ್ದು. ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಪೂರ್ತಿ ಖಾಲಿ, ಎರಡನೆಯದರಲ್ಲಿ ಎರಡು ಇಲ್ಲ. ಎರಡು ಮಾತ್ರೆ ಹೋಗಬೇಕಾದ ಕಡೆ ಹನ್ನೆರಡು ಹೋಗಿದ್ದವು. ಕವರಿನ ಮೇಲೆ ಅಂಗಡಿಯವರು ಎಲ್ಲ ಮಾತ್ರೆಗೂ ಬರೆಯುವಂತೆ ಪೆನ್ನಿನಲ್ಲಿ 0-0-1 ಎಂದು ಬರೆದಿದ್ದರು. ಆ ಮೂರು ಅಂಕಿಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆ ಜಾಗವಿದೆ, ವಾರಕ್ಕೆ ಇಲ್ಲ. ಅಮ್ಮ ಹೇಳಿದ್ದನ್ನು ಹೇಳಿದಂತೆಯೇ ಪಾಲಿಸಿದ್ದರು.

ಮೆಥೊಟ್ರೆಕ್ಸೇಟ್ ಕೀಲುವಾತಕ್ಕೆ ಒಳ್ಳೆಯ ಔಷಧ, ವಾರಕ್ಕೊಮ್ಮೆ ತೆಗೆದುಕೊಂಡರೆ. ದಿನವೂ ತೆಗೆದುಕೊಂಡರೆ ಅದು ಎಲುಬಿನ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದನ್ನೇ ತಡೆಯುತ್ತದೆ, ಬಾಯಿಯ ಚರ್ಮವನ್ನು ಸುಲಿಯುತ್ತದೆ, ಜೀವವನ್ನೂ ತೆಗೆಯಬಲ್ಲದು. ಓಡಿಹೋಗಿ ಹಿರಿಯ ಡಾಕ್ಟರಿಗೆ ಹೇಳಿದೆ. ನಿನ್ನೆ ನಾನು ಕೇಳದೇ ಗುರುತು ಹಾಕಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಫೋಲಿನಿಕ್ ಆಸಿಡ್ ಶುರು ಮಾಡಿಸಿದರು. ಅದು ಮೆಥೊಟ್ರೆಕ್ಸೇಟಿನ ಕೆಡುಕನ್ನು ತಡೆಯುವ ಮದ್ದು. ಆದರೆ ಬೇಗ ಕೊಟ್ಟಷ್ಟೂ ಒಳ್ಳೆಯದು, ನಾನು ಒಂದು ದಿನ ಕಳೆದಿದ್ದೆ. ರಕ್ತಕಣ ಮೇಲೇರಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಆ ವಾರ ಪೂರ್ತಿ ಬೆಳಿಗ್ಗೆ ವಾರ್ಡಿಗೆ ಕಾಲಿಡುವಾಗ ಅವರ ಹಾಸಿಗೆಯ ಕಡೆ ನೋಡಲು ಭಯವಾಗುತ್ತಿತ್ತು.

ಅಮ್ಮ ಗುಣವಾಗಿ ಮನೆಗೆ ಹೋದರು. ಹೋಗುವ ದಿನ ಅವರಿಗಾಗಿ ಒಂದು ಹಾಳೆಯಲ್ಲಿ ಏಳು ಚೌಕ ಬರೆದೆ. ಡಾಕ್ಟರ್ ಮುಂದೆ ಮತ್ತೆ ಔಷಧ ಶುರು ಮಾಡಿದರೆ ಸೋಮವಾರದ ಚೌಕಕ್ಕೆ ಮಾತ್ರ ಹಳದಿ ಬಣ್ಣ. ಬರೆಯುವಾಗ ಹಳೆಯ ಬಾಟಲಿಯ ಹಲ್ಲು ಪಟ್ಟಿ ನೆನಪಾಯಿತು. ಓದು ಬಾರದವರಿಗೂ ತಿಳಿಯಲಿ ಎಂದು ಯಾವನೋ ಕಂಪೌಂಡರ್ ಕತ್ತರಿ ಹಿಡಿದು ಕತ್ತರಿಸುತ್ತಿದ್ದ ಆ ಕಾಗದ. ಅಜ್ಜಿ ಕೇಳಿದ ಪ್ರಶ್ನೆಗೆ ನಾನು ನೊಂದುಕೊಳ್ಳಬೇಕಿರಲಿಲ್ಲ.

1968ರ ನಂಟು

ಅಣ್ಣಾ ನಗರದಲ್ಲಿರುವ ನಮಗೆಲ್ಲ ಗೋಪುರ ಪಾರ್ಕ್ ಗೊತ್ತು. 1968ರ ವ್ಯಾಪಾರ ಮೇಳಕ್ಕಾಗಿ ಕಟ್ಟಿದ ಆ ಗೋಪುರಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಹಲವು ವರ್ಷ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆಯಿತು. ಅದೇ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಗಳ ದುಷ್ಪರಿಣಾಮಗಳನ್ನು ದೇಶದೇಶಗಳಿಂದ ಕಲೆಹಾಕುವ ಕಾರ್ಯಕ್ರಮ ಆರಂಭಿಸಿತು. ಅದಕ್ಕೆ ಕಾರಣ ಥಾಲಿಡೊಮೈಡ್ ದುರಂತ. ಬಸುರಿಯರ ವಾಂತಿಗೆ ಕೊಟ್ಟ ಆ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ್ದವು. ಅಮೆರಿಕದ ಮಾರುಕಟ್ಟೆಗೆ ಅದನ್ನು ಬಿಡದೆ ಗಟ್ಟಿಯಾಗಿ ನಿಂತವರು ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ. ಭಾರತದಲ್ಲಿ ಇದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಔಷಧದಿಂದ ತೊಂದರೆಯಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ನೀವೇ ತಿಳಿಸಬಹುದು.

ಕೊನೆಯದಾಗಿ, ಮನೆಯ ಔಷಧದ ಡಬ್ಬಿ ಸಾಮಾನ್ಯವಾಗಿ ನಮ್ಮ ಕೈಯಲ್ಲೇ ಇರುವುದರಿಂದ ನಾಲ್ಕು ಮಾತು. ಮನೆಯಲ್ಲಿ ಯಾರು ಯಾವ ಔಷಧ ತೆಗೆದುಕೊಳ್ಳುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಆಯುರ್ವೇದದ ಪುಡಿ, ಕಷಾಯವನ್ನೂ ಸೇರಿಸಿ. ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆ ಸ್ಟ್ರಿಪ್ಪುಗಳನ್ನೂ ಒಯ್ಯಿರಿ. ವಾರಕ್ಕೊಮ್ಮೆಯ ಮಾತ್ರೆಯಾದರೆ ಯಾವ ವಾರ ಎಂದು ಕನ್ನಡದಲ್ಲೇ ಕವರಿನ ಮೇಲೆ ಬರೆಯಿರಿ. ಅರ್ಥವಾಗದಿದ್ದರೆ ಕಿಟಕಿಯಲ್ಲಿ ನಿಂತು ಇನ್ನೊಮ್ಮೆ ಕೇಳಿ, ಹಿಂದಿರುವವರು ಕಾಯಲಿ.

ನಾನಂತೂ ಅಂದಿನಿಂದ ಇಂದಿನವರೆಗೂ ರೋಗಿಯನ್ನು ಮಾತಾಡಿಸದೆ ಸರಿ ಗುರುತು ಹಾಕಿಲ್ಲ.