ಬೀದಿದೀಪದ ಒಡೆತನ

ನಗರದ ಬೀದಿಗೆ ದೀಪ ಬಂದುದು ದಾರಿಹೋಕರ ಅನುಕೂಲಕ್ಕಾಗಿ ಮಾತ್ರವೆಂದು ನಂಬಿರುವವರು ಪ್ಯಾರಿಸ್ ನಗರದ ಪೂರ್ವವೃತ್ತಾಂತವನ್ನು ಒಮ್ಮೆ ಅವಲೋಕಿಸಬೇಕು. 1667ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಆ ನಗರಕ್ಕೆ ಪೊಲೀಸ್ ಅಧಿಪತಿಯೆಂಬ ಹೊಸ ಪದವಿಯನ್ನು ನಿರ್ಮಿಸಿ, ಲಾ ರೇನಿ ಎಂಬಾತನನ್ನು ಅದಕ್ಕೆ ನಿಯಮಿಸಿದನು. ಕಳ್ಳಕಾಕರನ್ನು ಹಿಡಿಯುವುದು, ಬೀದಿಯ ಕೆಸರು ತೆಗೆಸುವುದು, ಇರುಳಿನಲ್ಲಿ ದೀಪ ಹೊತ್ತಿಸುವುದು, ಇವೆಲ್ಲವೂ ಒಬ್ಬನೇ ಅಧಿಕಾರಿಯ ಅಧೀನವಾದುವು. ಗಾಜಿನ ಗೂಡಿನೊಳಗೆ ಬತ್ತಿಯನ್ನಿಟ್ಟು, ಬೀದಿಗೆ ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಅದನ್ನು ತೂಗುಹಾಕುತ್ತಿದ್ದರು. ಇದರ ವೆಚ್ಚಕ್ಕಾಗಿ ಕೆಸರಿಗೂ ಲಾಂದ್ರಕ್ಕೂ ಸೇರಿದ ತೆರಿಗೆಯೊಂದಿದ್ದಿತು: ಹಣ ಪ್ರಜೆಗಳದು, ಒಡೆತನ ದೊರೆಯದು. ಆದುದರಿಂದಲೇ ಲಾಂದ್ರ ಒಡೆದವನನ್ನು, ಗಾಜು ಒಡೆದ ಪುಂಡನೆಂದಲ್ಲ, ರಾಜಾಧಿಕಾರದ ಮೇಲೆ ಕೈಯೆತ್ತಿದವನೆಂದು ಎಣಿಸಿ ಕಠಿನವಾಗಿ ದಂಡಿಸುತ್ತಿದ್ದರು. 1830ರ ಜುಲೈ ಕ್ರಾಂತಿಯಲ್ಲಿ ದಂಗೆಯೆದ್ದ ಜನರು ಬೀದಿಬೀದಿಯ ಲಾಂದ್ರಗಳನ್ನು ಒಡೆದು ಕತ್ತಲೆಯನ್ನೇ ರಕ್ಷಾಕವಚವನ್ನಾಗಿ ಮಾಡಿಕೊಂಡುದೂ ಅದೇ ಕಾರಣದಿಂದ.

ಈ ವೈರ ಎಲ್ಲೆಡೆಯೂ ಇರಲಿಲ್ಲ. 1807ರಲ್ಲಿ ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ ಅನಿಲದೀಪ ಉರಿದಾಗಲೂ, 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಪೇಟೆಯನ್ನು ಬೆಳಗಿದಾಗಲೂ, ಜನ ಕೌತುಕದಿಂದ ನೆರೆದರೇ ಹೊರತು ದೀಪದ ಅಂತರಂಗವನ್ನು ಶಂಕಿಸಲಿಲ್ಲ. ಶಂಕಿಸಲು ಅದಕ್ಕೆ ಅಂತರಂಗವಾದರೂ ಎಲ್ಲಿದ್ದಿತು? ತನ್ನ ಕೆಳಗೆ ನಡೆದವರನ್ನು ಜ್ಞಾಪಕದಲ್ಲಿಟ್ಟುಕೊಳ್ಳುವ ಶಕ್ತಿಯೇ ಅದಕ್ಕಿರಲಿಲ್ಲ.

ಆ ಶಕ್ತಿ ಬಂದ ಬಗೆಯನ್ನು ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸ್ಪಷ್ಟವಾಗಿ ಕಾಣಬಹುದು. ವಿದ್ಯುತ್ತಿನ ಉಳಿತಾಯ, ವಾಹನಗಳ ಗಣನೆ, ನಿಲುಗಡೆಯ ಸೌಕರ್ಯ, ಇವನ್ನು ಮುಂದಿಟ್ಟು 2016ರಲ್ಲಿ ನಗರಸಭೆ ಒಪ್ಪಿಗೆ ಕೊಟ್ಟ ಯೋಜನೆಯಂತೆ ಸಾವಿರಾರು ಕಂಬಗಳ ಮೇಲೆ ಕ್ಯಾಮೆರಾ ಏರಿದುವು. 2018ರಲ್ಲಿ, ಹಳೆಯ ಅನಿಲದೀಪಗಳ ಹೆಸರನ್ನೇ ಹೊತ್ತ ಗ್ಯಾಸ್‌ಲ್ಯಾಂಪ್ ಬಡಾವಣೆಯ ಕೊಲೆಯೊಂದರ ತನಿಖೆಗೆ ಪೊಲೀಸರು ಆ ಚಿತ್ರಗಳನ್ನು ಬಳಸಿದರು. ಬಂಧಿತನು ಆತ್ಮರಕ್ಷಣೆಗಾಗಿ ಹೋರಾಡಿದ್ದನೆಂಬುದು ಅವುಗಳಿಂದ ತಿಳಿದುಬಂದಿತು. ನಿರಪರಾಧಿಗೆ ಉಪಕಾರವಾದುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ವಾಹನ ಎಣಿಸಲೆಂದು ಪಡೆದ ಸಮ್ಮತಿಯು ಅಪರಾಧ ಶೋಧನೆಗೂ ಸಲ್ಲುವುದೆಂದು ಯಾರು, ಯಾವಾಗ, ಯಾರನ್ನು ಕೇಳಿ ನಿಶ್ಚಯಿಸಿದರು? ಕಂಬದ ಮೇಲೆ ಕ್ಯಾಮೆರಾ ಇದೆಯೆಂಬುದೇ ಅನೇಕ ನಿವಾಸಿಗಳಿಗೆ ಗೊತ್ತಾದುದು ಮರುವರ್ಷ. ನನ್ನ ಮಟ್ಟಿಗೆ ದೋಷವಿರುವುದು ಕಣ್ಣಿನಲ್ಲಲ್ಲ, ಕೇಳದೆ ಕಣ್ಣಿಟ್ಟುದರಲ್ಲಿ.

ಕೂಗು ಬಲವಾಗಲು, 2020ರ ಸೆಪ್ಟೆಂಬರಿನಲ್ಲಿ ಮೇಯರು ಕ್ಯಾಮೆರಾಗಳನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿದರು. ಆಗ ಹೊರಬಿದ್ದ ಸಂಗತಿ ವಿಚಿತ್ರವಾದುದು: ದೀಪಕ್ಕೂ ಕ್ಯಾಮೆರಾಕ್ಕೂ ವಿದ್ಯುತ್ತು ಒಂದೇ ಮೂಲದಿಂದ ಹರಿಯುತ್ತಿದ್ದುದರಿಂದ, ದೀಪವನ್ನು ಆರಿಸದೆ ಕ್ಯಾಮೆರಾವನ್ನು ನಿಲ್ಲಿಸುವಂತಿರಲಿಲ್ಲ; ಬೀದಿಯನ್ನು ಕತ್ತಲೆಗೆ ಒಪ್ಪಿಸಲಾರದೆ ನಗರವು ಚಿತ್ರಗಳು ಯಾರ ಕೈಗೂ ಸಿಗದಂತೆ ತಡೆದು ತೃಪ್ತಿಪಡಬೇಕಾಯಿತು. 2022ರಲ್ಲಿ, ಇಂಥ ಯಾವ ಉಪಕರಣವನ್ನು ಬಳಸುವುದಕ್ಕೂ ಮುನ್ನ ಬಹಿರಂಗ ಚರ್ಚೆಯಾಗಬೇಕೆಂಬ ಶಾಸನ ಬಂದಿತು. ಪರಿಶೀಲನೆಗೆ ನಾಗರಿಕರ ಮಂಡಳಿಯೂ ನೇಮಕವಾಯಿತು. ಮರುವರ್ಷ ಪೊಲೀಸರು, ಈ ಸಲ ವಾಹನಗಳ ನಂಬರು ಫಲಕವನ್ನೂ ಓದಬಲ್ಲ 500 ಕ್ಯಾಮೆರಾಗಳನ್ನು ಕೋರಿ ಬಂದಾಗ ಆ ಮಂಡಳಿ ಬೇಡವೆಂದಿತು, ನಗರಸಭೆ ಆಗಲೆಂದಿತು.